ಹಾಲಮ್ಮನ ಮನೆಯಲ್ಲಿದ್ದ ಕೊಟ್ರಪ್ಪ

“ಗುರುಗಳೇ, ಎಲ್ಲ ಮನೆಗಳನ್ನೂ ನೋಡಿ ಬಂದೆ. ನಮ್ಮವರು ಉಂಡುಟ್ಟು ಚೆನ್ನಾಗಿದ್ದಾರೆ. ಒಂದೇ ಒಂದು ದೂರಿಲ್ಲ. ಇನ್ನು ಮುಂದೆಯೂ ಹೀಗೆ ಮನೆಮನೆ ಅಲೆಯಬೇಕೇ?”

ಕೇಳಿದವನು ಮಠದ ಶಿಷ್ಯ. ತಮ್ಮವರೆಂಬವರಿಲ್ಲದ, ಒಂಟಿಯಾಗಿ ಬದುಕಲಾಗದ ವಯಸ್ಕರನ್ನು ಆ ಮಠ ಒಬ್ಬೊಬ್ಬರಂತೆ ಗೃಹಸ್ಥರ ಮನೆಗಳಲ್ಲಿ ಇರಿಸಿತ್ತು. ಅವರನ್ನು ನೋಡಿ ಬರುವುದು ಅವನ ಪಾಲಿನ ಕೆಲಸವಾಗಿತ್ತು.

ಗುರು ಅವನನ್ನು ಕೂರಲು ಹೇಳಿ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಮಂಡಕ್ಕಿ ಮಾರುವ ಮುದುಕಿಯೊಬ್ಬಳಿದ್ದಳು. ಅವಳ ಮಗ ಕೊಟ್ರಪ್ಪ. ವಯಸ್ಸು ನಲವತ್ತು ದಾಟಿದ್ದರೂ ಬುದ್ಧಿ ನಿಧಾನ. ಎಡಗೈಯಲ್ಲಿ ಬಲವಿಲ್ಲ, ಮಾತು ತಡವರಿಸುತ್ತಿತ್ತು. ಆದರೂ ತಾಯಿ ಹುರಿದ ಮಂಡಕ್ಕಿಯನ್ನು ಜರಡಿ ಹಿಡಿಯುವವನು ಅವನೇ. ಕೊಳ್ಳಲು ಬಂದವರೊಡನೆ ಹರಟುವವನೂ ಅವನೇ. ತಾಯಿ ತೀರಿಕೊಂಡಳು. ಊರ ಹಿರಿಯರು ಅವನನ್ನು ಒಬ್ಬ ಜವಳಿ ವ್ಯಾಪಾರಿಯ ಮನೆಯಲ್ಲಿ ಇರಿಸಿದರು.

ವ್ಯಾಪಾರಿಯ ಹೆಂಡತಿ ಹಾಲಮ್ಮ ಬಲು ಅಚ್ಚುಕಟ್ಟಿನ ಹೆಂಗಸು. ಮನಸ್ಸಿನಲ್ಲಿ ಕೆಡುಕಿಲ್ಲ. ತಾಯಿ ಸತ್ತವನು, ಇವನಿಗೆ ಯಾವ ಕೊರತೆಯೂ ಆಗಬಾರದು ಎಂದು ಅವಳು ನಿಶ್ಚಯಿಸಿಕೊಂಡಳು.

ಬಂದ ಮರುದಿನವೇ ಕೊಟ್ರಪ್ಪ ಅವಳ ಕೈಯಿಂದ ಮೊರ ತೆಗೆದುಕೊಂಡು ಅಕ್ಕಿ ಕೇರಲು ಕುಳಿತ. ಅರ್ಧ ಅಕ್ಕಿ ನೆಲಕ್ಕೆ ಬಿತ್ತು.

“ಬಿಡು ಕೊಟ್ರಾ, ನಿನಗ್ಯಾಕಪ್ಪಾ ಇದೆಲ್ಲ? ನೀನು ಸುಮ್ಮನೆ ಕೂತಿರು, ನಾನು ಮಾಡ್ತೀನಿ.”

ಅವನು ಕುಳಿತ.

ಉಣ್ಣುವಾಗ ಅನ್ನ ಚೆಲ್ಲುತ್ತಿದ್ದನೆಂದು ಎಲ್ಲರಿಗಿಂತ ಮೊದಲೇ ಅವನೊಬ್ಬನಿಗೆ ಜಗಲಿಯಲ್ಲಿ ಬಡಿಸಿದಳು. ಬಿಸಿ ಅನ್ನ, ಮೇಲೆ ತುಪ್ಪ. ಅವನು ಒಂದು ಮಾತು ಆಡಿ ಮುಗಿಸುವಷ್ಟರಲ್ಲಿ ಅವಳಿಗೆ ಒಲೆಯ ಮೇಲಿನದು ಸೀದುಹೋಗುತ್ತಿತ್ತು. ಹಾಗಾಗಿ ಅವನ ಮಾತನ್ನು ಅವಳೇ ಮುಗಿಸತೊಡಗಿದಳು. “ನೀರು ಬೇಕೇನೋ? ತಗೋ.” ಕೆಲವೊಮ್ಮೆ ಅವನು ಕೇಳಹೊರಟಿದ್ದು ನೀರಾಗಿರುತ್ತಿರಲಿಲ್ಲ. ಆದರೂ ಕೊಟ್ಟ ನೀರನ್ನು ಕುಡಿಯುತ್ತಿದ್ದ.

ಬರುಬರುತ್ತಾ ಅವನು ಕೇಳುವುದನ್ನು ಬಿಟ್ಟ. ಹಾಲಮ್ಮನಿಗೆ ಅದು ಹೊಂದಿಕೊಂಡ ಲಕ್ಷಣವಾಗಿ ಕಂಡಿತು.

ಹಿರಿಯರು ನೋಡಲು ಬಂದರು. “ಹೇಗಿದ್ದೀಯಪ್ಪಾ?” ಎಂದು ಕೇಳಿದರು. ಅವನು ತುಟಿ ಬಿಚ್ಚುವ ಮೊದಲೇ ಹಾಲಮ್ಮ, “ಚೆನ್ನಾಗಿದ್ದಾನೆ. ಯಾವುದಕ್ಕೂ ಕಾಡಿಸಲ್ಲ” ಎಂದಳು. ಮಡಿಯಾದ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ, ತುಂಬಿಕೊಂಡ ಮೈ. ಸಾಕುವುದಾದರೆ ಹೀಗೆ ಸಾಕಬೇಕು ಎಂದು ಹಿರಿಯರು ಊರಲ್ಲೆಲ್ಲ ಹೇಳಿಕೊಂಡು ಬಂದರು. ಹಾಲಮ್ಮನ ಎದೆ ತುಂಬಿ ಬಂತು.

ಮರುವರ್ಷ ಬೇಸಿಗೆಯಲ್ಲಿ ಕೊಟ್ರಪ್ಪ ತಟ್ಟೆಯಲ್ಲಿ ಅನ್ನ ಉಳಿಸತೊಡಗಿದ. ಸೆಕೆಗೆ ಸೇರುತ್ತಿಲ್ಲವೆಂದು ಅವಳು ಮಜ್ಜಿಗೆ ಕೊಟ್ಟಳು. ಒಂದು ಬೆಳಿಗ್ಗೆ ಅವನು ಬಚ್ಚಲ ಬಾಗಿಲಲ್ಲಿ ಕುಸಿದುಬಿದ್ದ.

ವೈದ್ಯ ಬಂದು ಹೊಟ್ಟೆ ಒತ್ತಿ ನೋಡಿದ. “ಎಲ್ಲಿ ನೋವು? ಯಾವಾಗಿನಿಂದ?”

ಕೊಟ್ರಪ್ಪ ವೈದ್ಯನನ್ನು ನೋಡಲಿಲ್ಲ. ಹಾಲಮ್ಮನ ಮುಖ ನೋಡಿದ. ಅವಳು ಹೇಳಲೆಂದು ಕಾದ.

ಹಾಲಮ್ಮ ಅವನ ಪಕ್ಕದಲ್ಲಿ ಕುಳಿತಳು. “ನನಗೆ ಗೊತ್ತಿಲ್ಲ ಕೊಟ್ರಾ. ನೀನೇ ಹೇಳಪ್ಪಾ. ಎಷ್ಟು ಹೊತ್ತಾದರೂ ಆಗಲಿ, ಹೇಳು” ಎಂದು ಅಂಗಲಾಚಿದಳು. ಅವನ ತುಟಿ ಅಲುಗಿತು. ದನಿ ಬರಲಿಲ್ಲ.

ಹೊಟ್ಟೆಯೊಳಗಿನ ಗಡ್ಡೆ ಇಂದು ನಿನ್ನೆಯದಲ್ಲ ಎಂದ ವೈದ್ಯ. ಮೊದಲೇ ಕರೆದಿದ್ದರೆ ಎಂದವನು ಮಾತನ್ನು ಅಲ್ಲಿಗೇ ನಿಲ್ಲಿಸಿದ. ಕೆಲವೇ ದಿನಗಳಲ್ಲಿ ಕೊಟ್ರಪ್ಪ ಸತ್ತುಹೋದ.

ಕಾರ್ಯದ ದಿನ ಎಡೆ ಇಡಬೇಕಾಗಿತ್ತು. ಸತ್ತವನಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುವುದು ಪದ್ಧತಿ. “ಅವನಿಗೆ ಏನು ಇಷ್ಟ ಇತ್ತು?” ಎಂದು ಗಂಡ ಕೇಳಿದ. ಹಾಲಮ್ಮ ಒಲೆಯ ಮುಂದೆ ನಿಂತೇ ಇದ್ದಳು. ಇಟ್ಟದ್ದನ್ನೆಲ್ಲ ಅವನು ಉಂಡಿದ್ದ. ಬೇಕು ಎಂದದ್ದು, ಬೇಡ ಎಂದದ್ದು ಒಂದೂ ನೆನಪಿಗೆ ಬರಲಿಲ್ಲ. ಕೊನೆಗೆ ಮನೆಮಂದಿಗೆ ಮಾಡಿದ ಅಡುಗೆಯನ್ನೇ ಎಡೆಗಿಟ್ಟಳು.

ಸಂಜೆ ಹಿರಿಯರು ಬಂದು ಸಮಾಧಾನ ಹೇಳಿದರು. “ನೀವೇನು ಕಡಿಮೆ ಮಾಡಿದ್ರಿ ತಾಯಿ? ಹೆತ್ತವಳೂ ಇಷ್ಟು ಮಾಡ್ತಿರಲಿಲ್ಲ.”

“ಅವನ ದನಿ ಹೇಗಿತ್ತು ಅನ್ನೋದೇ ನನಗೆ ನೆನಪಾಗ್ತಿಲ್ಲ” ಎಂದಳು ಹಾಲಮ್ಮ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ, “ಆದರೆ ಆಕೆ ಕೆಟ್ಟವಳಲ್ಲವಲ್ಲ, ಗುರುಗಳೇ?” ಎಂದ.

“ಅಲ್ಲ. ನೀನು ಹೋದ ಮನೆಗಳಲ್ಲಿ ದೂರಿಲ್ಲವೆಂದು ನಿನಗೆ ಹೇಳಿದವರು ಯಾರು?”