ನಗಲು ಬಿಟ್ಟ ಜಾಗ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅದರ ಪಡಸಾಲೆಯಲ್ಲಿ ದುಂಡಯ್ಯ ಮಾಸ್ತರ ಇದ್ದರು. ಮಠದಲ್ಲಿದ್ದರೂ ಅವರು ಸ್ವಾಮಿಗಳಲ್ಲ, ನಲವತ್ತು ವರ್ಷ ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರ ಕಲಿಸಿದವರು. ಕಂಪನಿ ಮುಚ್ಚಿತು, ಕಣ್ಣೂ ಹೋದವು. ಮಠದವರು ಇಲ್ಲೇ ಇರಿ ಎಂದರು, ಇದ್ದರು.

ಒಂದು ಬೆಳಿಗ್ಗೆ ಅವರ ಶಿಷ್ಯ ಫಕೀರಪ್ಪ ಬಂದು ಕಾಲಿಗೆ ಬಿದ್ದ.

ಫಕೀರಪ್ಪ ಎಂದರೆ ಬಿಕ್ಕಳಿಕೆ ಫಕೀರಪ್ಪ. ಮೂವತ್ತು ವರ್ಷ, ನೂರಾ ಹದಿನಾಲ್ಕು ಸಿನಿಮಾ. ಕಂಪೌಂಡರ್ ಆದ, ಪೊಲೀಸ್ ಪೇದೆ ಆದ, ಬಗೆಬಗೆಯ ಹೀರೋಗಳ ಕೈಯಲ್ಲಿ ಕಪಾಳಕ್ಕೆ ತಿಂದ. ದೆವ್ವ ಕಂಡು ಬಿಕ್ಕಳಿಸುತ್ತ ಪಂಚೆ ಎತ್ತಿಕೊಂಡು ಓಡುವುದರಲ್ಲಂತೂ ಅವನದು ಎತ್ತಿದ ಕೈ. ತೆರೆಯ ಮೇಲೆ ಬಿಳಿ ಸೀರೆಯವಳು ಬಂದರೆ ಸಾಕು, ಜನ ಅವಳನ್ನು ಬಿಟ್ಟು ಇವನೆಲ್ಲಿ ಎಂದು ಹುಡುಕುತ್ತಿದ್ದರು.

ಅಂಥವನ ಮುಖ ಅವತ್ತು ಸಪ್ಪಗಿತ್ತು.

“ಫಕೀರ್ಯಾ ಅಲ್ಲೇನು? ಹೆಜ್ಜಿ ಯಾಕೋ ಎಳದಂಗ ಕೇಳಿಸ್ತು,” ಎಂದರು ಮಾಸ್ತರ.

“ಸಿನಿಮಾ ಮಾಡೀನ್ರಿ, ಮಾಸ್ತರ.”

“ಮೂವತ್ತು ವರ್ಷದಿಂದ ಅದನ್ನ ಮಾಡಾಕತ್ತೀಯಲ್ಲ.”

“ಹಂಗಲ್ರಿ. ಈ ಸಲ ಡೈರೆಕ್ಟರ್ ನಾನ. ದೆವ್ವದ ಸಿನಿಮಾ.”

“ನೀ ಓಡಿಹೋಗೂ ಅಂಥಾದ್ದು?”

“ಅಲ್ರಿ. ನೋಡಾಕ ಬಂದವ್ರು ಓಡಿಹೋಗೂ ಅಂಥಾದ್ದು.”

ಮಾಸ್ತರ ಹುಬ್ಬೇರಿಸಿದರು. “ಓಡಿದ್ರೇನು?”

“ನಕ್ರಿ.”

ಇಷ್ಟು ಹೇಳಿ ಫಕೀರಪ್ಪ ಕಂಬಕ್ಕೆ ಒರಗಿ ಕೂತ. ಬಿಡುಗಡೆಗೆ ಮೊದಲು ನೂರು ಜನರನ್ನು ಕರೆದು ಸಿನಿಮಾ ತೋರಿಸಿದ್ದರು. ಹೆದರಬೇಕಾದ ಹನ್ನೊಂದು ಕಡೆ ಜನ ನಕ್ಕಿದ್ದರು. ಮುಸಿಮುಸಿ ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ನಿರ್ಮಾಪಕರು ಒಳ್ಳೆಯವರೇ. “ಫಕೀರಪ್ಪನೋರೆ, ಬೇಜಾರು ಮಾಡ್ಕೋಬೇಡಿ. ನಾಲ್ಕು ಸೀನಲ್ಲಿ ನೀವೇ ಬಂದು ಬಿಕ್ಕಳಿಸಿಬಿಡಿ. ಕಾಮಿಡಿ ಅಂತಲೇ ರಿಲೀಸ್ ಮಾಡೋಣ,” ಎಂದಿದ್ದರು. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲವೆ ಊಹೂಂ ಅನ್ನಬೇಕು. ಊಹೂಂ ಎಂದರೆ ಒಂದು ವಾರದಲ್ಲಿ ಅದನ್ನು ಹೆದರಿಸುವ ಸಿನಿಮಾ ಮಾಡಿಕೊಡುವುದು ಅವನ ಹೊಣೆ.

ಆ ಕಥೆಯನ್ನು ಅವನು ಮೂರು ವರ್ಷ ಕೂತು ಬರೆದಿದ್ದ. ಶೂಟಿಂಗಿನ ನಡುವೆ, ಮೇಕಪ್ ಕುರ್ಚಿಯಲ್ಲಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದಿದ್ದ. ಒಂದೇ ಒಂದು ಸಲ ಜನ ತನ್ನ ಮುಖ ಮರೆತು ತನ್ನ ಕಥೆ ನೋಡಲಿ ಎಂಬುದು ಅವನ ಆಸೆ. ಐವತ್ತು ದಾಟಿದ ಮೇಲೆ, ಅನ್ನ ಕೊಟ್ಟ ವಿದ್ಯೆ ಕೈಯಲ್ಲಿರುವಾಗ, ಗೊತ್ತಿಲ್ಲದ ವಿದ್ಯೆಗೆ ಕೈ ಹಾಕುವ ಎದೆಗಾರಿಕೆ ಎಷ್ಟು ಜನಕ್ಕಿದ್ದೀತು? ಇವನಿಗಿತ್ತು.

“ತಪ್ಪು ನನ್ನ ಹೆಸರಿಂದು, ಮಾಸ್ತರ,” ಎಂದ. “ಬಿಕ್ಕಳಿಕೆ ಫಕೀರಪ್ಪ ಅಂತ ತೆರಿ ಮ್ಯಾಲ ಬಂದ ಕೂಡ್ಲೆ ಮಂದಿ ನಗಾಕ ತಯಾರಾಗಿ ಕುಂದರ್ತಾರ. ಹೆಸರ ತಗದು ಬ್ಯಾರೆ ಹೆಸರು ಹಾಕಲೇನ್ರಿ?”

“ಕಥಿ ಹೇಳು.”

“ಫೋನ್‌ನ್ಯಾಗ ಐತ್ರಿ. ಹಚ್ಚಲೇನು?”

“ಕುರುಡಗ ಏನ ತೋರಿಸ್ತೀಯೋ? ಬಾಯಿಲೆ ಹೇಳು.”

ಫಕೀರಪ್ಪ ಗಂಟಲು ಸರಿ ಮಾಡಿಕೊಂಡ.

“ಕಲ್ಲವ್ವ ಅಂತ ಒಬ್ಬಾಕಿ. ಗಂಡನ ಮನಿಗೆ ಹೊಸದಾಗಿ ನಡಿಯಾಕ ಬಂದ ಸೊಸಿ. ಮುಂಜಾನೆ ಹೊಳಿಗೆ ಹೋದ್ರ ಊರ ಹೆಂಗಸರು ಚ್ಯಾಷ್ಟಿ ಮಾಡ್ತಾರಂತ ನಡು ಮಧ್ಯಾಹ್ನದಾಗ ಒಬ್ಬಾಕಿನ ಹೋಗ್ತಾಳ. ಕೊಡ ತುಂಬ್ತಾಳ. ಎತ್ತಿ ಹೊರಸಾಕ ಯಾರೂ ಇಲ್ಲ. ತಲಿ ಮ್ಯಾಲೆ ಸಿಂಬಿ ಇಟಗೊಂಡು ಬಗ್ಗತಾಳ. ಹಿಂದಿನಿಂದ ಎರಡು ಕೈ ಬಂದು ಕೊಡ ಎತ್ತಿ ತಲಿ ಮ್ಯಾಲೆ ಇಡ್ತಾವ. ತುಂಬಿದ ಕೊಡ ಹೊತ್ತಾಕಿ ಹಿಂದ ತಿರುಗಿ ನೋಡಾಕ ಬರೂದಿಲ್ಲ. ಹಂಗ ಮನಿಗೆ ಬರ್ತಾಳ.”

ಇಲ್ಲಿ ಫಕೀರಪ್ಪ ತಡೆದ.

ಮಾಸ್ತರ ಹೋ ಎಂದು ನಕ್ಕರು.

ಫಕೀರಪ್ಪನ ಜೀವ ಹಿಂಡಿದಂತಾಯಿತು. ಆದರೂ ಮುಂದುವರಿಸಿದ.

“ದಿನಾ ಹಿಂಗ. ಒಂದಿನ ಅತ್ತಿ ಕೇಳ್ತಾಳ, ಕೊಡ ಯಾರವ್ವ ಹೊರಿಸಿದ್ರು? ಯಾರೋ ಪುಣ್ಯಾತ್ಗಿತ್ತಿ ಅಂತಾಳ ಈಕಿ. ಅತ್ತಿ ಅಂತಾಳ, ಆ ಹೊತ್ತಿನ್ಯಾಗ ಆ ಹೊಳಿಗೆ ಯಾರೂ ಹೋಗೂದಿಲ್ಲಲ್ಲವ್ವ.”

ಮತ್ತೆ ತಡೆದ. ಮಾಸ್ತರ ತೊಡೆ ತಟ್ಟಿಕೊಂಡು ನಕ್ಕರು.

“ಮರುದಿನ ಕಲ್ಲವ್ವ ಕೊಡದಾಗಿನ ನೀರೊಳಗ ಬಗ್ಗಿ ನೋಡ್ತಾಳ. ಆಕಿ ಮಾರಿ ಕಾಣತೈತಿ. ಹಿಂದ ಬರೇ ಬಯಲು. ಕೈ ಮಾತ್ರ ಬರ್ತಾವ.”

ಮೂರನೆಯ ಸಲ ಮಾಸ್ತರ ನಕ್ಕಾಗ ಫಕೀರಪ್ಪನ ಕಣ್ಣಲ್ಲಿ ನೀರು ಬಂತು.

“ನೀವೂ ನಕ್ಕರೇನ್ರಿ ಮಾಸ್ತರ?”

“ನೀ ಜಾಗಾ ಬಿಟ್ಟಿ. ನಾ ಕುಂತೆ.”

“ಎಲ್ಲಿ ಬಿಟ್ಟೆನ್ರಿ?”

“ಕೈ ಬಂದು ಕೊಡ ಎತ್ತಿದ ಮ್ಯಾಲ ನಿಂತಿ. ಅತ್ತಿ ಮಾತು ಮುಗದ ಮ್ಯಾಲ ನಿಂತಿ. ಈಗ ಮತ್ತ ನಿಂತಿ. ನಗಿ ಬಂದು ಇಳದು ಹೋಗೂವಷ್ಟು ಹೊತ್ತು, ಸರಿಯಾಗಿ ಅಷ್ಟ ನಿಂತಿ.”

ಫಕೀರಪ್ಪನಿಗೆ ಎಡಿಟಿಂಗ್ ಕೋಣೆ ನೆನಪಾಯಿತು. ಎಡಿಟರ್ ಹುಡುಗಿ ಪ್ರತಿ ಸೀನಿನ ಕೊನೆಗೆ, “ಸರ್, ಇಲ್ಲಿ ಕಟ್ ಮಾಡ್ಲಾ?” ಎಂದು ಕೇಳುತ್ತಿದ್ದಳು. ಇವನು ಪ್ರತಿ ಸಲ, “ಒಂಚೂರು ಬಿಡಮ್ಮ, ಒಂಚೂರು ಬಿಡು,” ಎನ್ನುತ್ತಿದ್ದ. ಹನ್ನೊಂದು ಕಡೆ ಹಾಗೆ ಅಂದಿದ್ದ.

“ಇದನ್ನ ಕಲಿಸಿದವ್ರು ನೀವ ಅಲ್ಲೇನ್ರಿ,” ಎಂದ ಮೆಲ್ಲಗೆ. “ನಗಿ ಇಳಿಯೂತನಕ ಬಾಯಿ ಬಿಡಬ್ಯಾಡ ಅಂತ, ರಂಗದ ಮ್ಯಾಲೆ ನಿಂದರಿಸಿ ಕಲಿಸಿದ್ರಿ.”

“ನಾನ ಕಲಿಸಿದ್ದು. ಚಲೋ ಕಲ್ತಿ. ನನ್ನ ಕೈಯಾಗ ಕಲ್ತವ್ರೊಳಗ ನಿನ್ನಷ್ಟು ಚಂದ ತಡಿಯೂ ಮನಷ್ಯಾ ಮತ್ತೊಬ್ಬ ಬರಲಿಲ್ಲ.” ಮಾಸ್ತರ ಅವನ ಕೈ ಹುಡುಕಿ ಹಿಡಿದುಕೊಂಡರು. “ಒಂದು ಹೇಳು. ಆ ಜಾಗಾದಾಗ ನಿಂತು ನೀ ಏನು ಕೇಳ್ತಿ?”

“ನಗಿ ಬಂತಂದ್ರ, ನಾ ಅವ್ರಿಗೆ ಬೇಕಾಗೀನಿ ಅಂತ ಗೊತ್ತಾಗತೈತ್ರಿ.”

“ಹೆದರಿದವ್ರು ಏನು ಕೊಡ್ತಾರ?”

“ಏನೂ ಇಲ್ರಿ. ಸುಮ್ನ ಕುಂದರ್ತಾರ.”

“ಅದು ನಿನಗ ತಡಕೊಳ್ಳಾಕ ಆಗೂದಿಲ್ಲ. ಹೆದರಿಸಿ, ಹೆಂಗಾತ್ರಿ ಅಂತ ಮಾರಿ ನೋಡ್ಕೋತ ನಿಲ್ಲತಿ. ಅವ್ರೂ ಪಾಪ, ನಮ್ಮ ಫಕೀರಪ್ಪ ಕೇಳಾಕತ್ತಾನಂತ ನಗತಾರ.”

“ಹಂಗಾದ್ರ ಏನು ಮಾಡ್ಲಿ?”

“ಊಟದ ಹೊತ್ತಾತು. ನಡಿ.”

ಮಠದಲ್ಲಿ ಆವತ್ತು ದಾಸೋಹಕ್ಕೆ ಮೂವತ್ತು ನಲವತ್ತು ಜನ ಸೇರಿದ್ದರು. ಉಂಡು ಕೈ ತೊಳೆದು ಬೇವಿನ ಮರದ ಕೆಳಗೆ ಕೂತಿದ್ದರು. ಫಕೀರಪ್ಪನನ್ನು ಕಂಡದ್ದೇ ಗುಂಪು ಗಲಗಲ ಎಂದಿತು. ಶಾವಂತ್ರೆವ್ವ ಎಂಬ ಮುದುಕಿ ಎಲ್ಲರಿಗಿಂತ ಮುಂದೆ ಬಂದು ಕೂತಳು. ಅವನ ಒಂದೂ ಸಿನಿಮಾ ಬಿಟ್ಟವಳಲ್ಲ ಅವಳು.

“ತಮ್ಮಾ, ಒಂದ ಸಲ ಬಿಕ್ಕೋ! ಸಾಯೂದರೊಳಗ ಎದರಾ ಎದರ ನೋಡಬೇಕು!”

ಫಕೀರಪ್ಪ ಮಾಸ್ತರ ಕಡೆ ನೋಡಿದ.

“ಬಿಕ್ಕು,” ಎಂದರು ಮಾಸ್ತರ. “ಕೇಳಿದವ್ರಿಗೆ ಇಲ್ಲ ಅನಬ್ಯಾಡ. ಆಮ್ಯಾಲ ಕಥಿ ಹೇಳು. ನಾ ಹಿಂದ ಕುಂತಿರ್ತೀನಿ.”

ಫಕೀರಪ್ಪ ಬಿಕ್ಕಳಿಸಿದ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಶಾವಂತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ನಗೆ ಇನ್ನೂ ಇಳಿಯುತ್ತಿರುವಾಗಲೇ ಅವನು ಕಲ್ಲವ್ವನ ಕಥೆ ಶುರು ಮಾಡಿದ.

ಮಾಸ್ತರ ಹಿಂದೆ ಕೂತು ಅವನ ಅಂಗಿಯ ಚುಂಗು ಹಿಡಿದಿದ್ದರು. ಎರಡು ಕೈ ಬಂದು ಕೊಡ ಎತ್ತಿದವು. ಫಕೀರಪ್ಪನ ನಾಲಗೆ ಹಳೆಯ ಚಾಳಿಯಂತೆ ತಡೆಯಲು ಹೋಯಿತು. ಅಂಗಿ ಜಗ್ಗಿತು. ಮುಂದೆ ನಡೆದ.

ಅತ್ತೆಯ ಮಾತು ಬಂತು. ಅಂಗಿ ಮತ್ತೆ ಜಗ್ಗಿತು. ಎದುರಿಗಿದ್ದವರ ಮುಖ ನೋಡಬೇಕೆಂಬ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡು ಫಕೀರಪ್ಪ ನೆಲ ನೋಡುತ್ತ ಹೇಳಿದ. ಮೂವತ್ತು ವರ್ಷದಲ್ಲಿ ಅವನು ನಗೆಗಾಗಿ ಕಾಯದೆ ಆಡಿದ ಮೊದಲ ಮಾತುಗಳು ಅವು.

“ಒಂದಿನ ಕಲ್ಲವ್ವ ಗಟ್ಟಿ ಮನಸ ಮಾಡ್ತಾಳ. ಇವತ್ತ ಕೊಡ ಬ್ಯಾಡ. ಬರೇ ಕೈಯಿಂದ ಹೋಗಿ, ಯಾರದಾರಂತ ನೋಡಿ ಬರ್ತೀನಿ ಅಂತ ಹೊಳಿಗೆ ಬರ್ತಾಳ. ಯಾರೂ ಇಲ್ಲ. ನೀರು ಸುಮ್ನ ಹರೀತೈತಿ. ನಂದ ಹುಚ್ಚು ಅಂತ ನಕ್ಕು ಮನಿ ಕಡೆ ಹೊಳ್ಳತಾಳ. ನಾಕ ಹೆಜ್ಜಿ ಇಡ್ತಾಳ.”

ಫಕೀರಪ್ಪ ಇಲ್ಲಿ ತಾನಾಗಿಯೇ ತಡೆದ. ಮಾಸ್ತರ ಚುಂಗು ಜಗ್ಗಲಿಲ್ಲ. ಈ ಸಲ ಅವನು ಹೆದರಿಸುವ ಮಾತಿಗೆ ಮೊದಲು ತಡೆದಿದ್ದ.

“ಕೊಡ ಮನ್ಯಾಗ ಐತಿ,” ಎಂದ. “ತಲಿ ಮ್ಯಾಲೆ ಭಾರ ಐತಿ. ಹಿಂದ ನೋಡಬೇಕಂದ್ರ ಕುತಿಗಿ ಹೊಳ್ಳವಲ್ತು. ಹಂಗ ನಡಕೋತ ಮನಿ ಮುಟ್ಟತಾಳ. ಅತ್ತಿ ಬಾಗಲದಾಗ ನಿಂತಾಳ. ಸೊಸಿನ್ನ ನೋಡ್ತಾಳ, ಸೊಸಿ ಹಿಂದ ನೋಡ್ತಾಳ. ಪಕ್ಕಕ್ಕ ಸರದು ಜಾಗಾ ಬಿಟ್ಟು ಅಂತಾಳ, ‘ಇಬ್ಬರೂ ಒಳಗ ಬರ್ರಿ.’”

ಕಥೆ ಮುಗಿದಿತ್ತು. ಬೇವಿನ ಮರದಲ್ಲಿ ಒಂದು ಕಾಗೆ ಎರಡು ಸಲ ಕೂಗಿ ಹಾರಿಹೋಯಿತು.

ಒಬ್ಬ ರೈತ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಇನ್ನೊಬ್ಬ ಎದ್ದ. ಹೆಂಗಸರು ಮಕ್ಕಳ ಕೈ ಹಿಡಿದುಕೊಂಡರು. ಮಾಸ್ತರಿಗೆ ಶರಣು ಹೇಳಿ ಒಬ್ಬೊಬ್ಬರಾಗಿ ಹೊರಟುಹೋದರು. ಚಪ್ಪಾಳೆ ಇಲ್ಲ, ಭೇಷ್ ಇಲ್ಲ, ಚೆನ್ನಾಗಿಲ್ಲ ಎನ್ನುವ ಮಾತೂ ಇಲ್ಲ.

ಫಕೀರಪ್ಪ ಕೈಚೆಲ್ಲಿ ಕೂತುಬಿಟ್ಟ.

“ಆಗಲಿಲ್ರಿ ಮಾಸ್ತರ. ಮೊದಲ ನಕ್ಕಿದ್ರು. ಈಗ ಅದೂ ಇಲ್ಲ. ಫೋನ್ ಮಾಡಿ ಕಾಮಿಡಿನ ಆಗ್ಲಿ ಅಂತ ಹೇಳಿಬಿಡ್ತೀನಿ.”

“ಎಲ್ಲಾರೂ ಹೋದ್ರೇನು?”

ಫಕೀರಪ್ಪ ತಲೆ ಎತ್ತಿದ. ಮಠದ ಅಗಸಿಬಾಗಿಲಲ್ಲಿ ಶಾವಂತ್ರೆವ್ವ ಒಬ್ಬಳೇ ನಿಂತಿದ್ದಳು. ನೆತ್ತಿ ಸುಡುವ ಬಿಸಿಲು. ಹೊಳೆಯ ದಾರಿಯಲ್ಲಿ ಕೂಗಳತೆಯ ದೂರಕ್ಕೆ ಅವಳ ಮನೆ, ನಿಂತಲ್ಲಿಂದಲೇ ಕಾಣುತ್ತಿತ್ತು. ಅರವತ್ತು ವರ್ಷ ಅದೇ ದಾರಿಯಲ್ಲಿ ಅಡ್ಡಾಡಿದವಳು ಅವಳು.

“ತಮ್ಮಾ,” ಎಂದಳು. “ಮನಿತನಕ ಬರ್ತೀಯೇನು?”

“ಯಾಕವ್ವಾ? ಏನರ ಹೊರೂದು ಐತೇನು?”

“ಏನಿಲ್ಲ. ಸುಮ್ನ ಬಾ.”

ಫಕೀರಪ್ಪ ಎದ್ದು ಹೋದ. ಹಿರಿಯಳೆಂದು ಮರ್ಯಾದೆಗೆ ಅವಳನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಶಾವಂತ್ರೆವ್ವ ಗಕ್ಕನೆ ನಿಂತಳು. ತಿರುಗಿ ನೋಡದೆಯೇ ಹೇಳಿದಳು.

“ಯಪ್ಪಾ, ಹಿಂದ ಬರಬ್ಯಾಡೋ. ಮುಂದ ನಡಿ. ನನ್ನ ಕಣ್ಣಿಗೆ ಕಾಣೂವಂಗ ನಡಿ.”

ಫಕೀರಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಮೈ ಜುಮ್ಮೆಂದಿತು. ನೂರಾ ಹದಿನಾಲ್ಕು ಸಿನಿಮಾದ ಚಪ್ಪಾಳೆಯಲ್ಲಿ ಸಿಗದಿದ್ದದ್ದು ಅವನಿಗೆ ಆ ಮುದುಕಿಯ ಬೆನ್ನಿನಲ್ಲಿ ಸಿಕ್ಕಿತ್ತು. ಅವಳನ್ನು ದಾರಿಯಲ್ಲೇ ಬಿಟ್ಟು ಅವನು ಮಠದ ಕಡೆ ಓಡಿ ಬಂದ.

“ಮಾಸ್ತರ! ಹೆದರ್ಯಾಳ್ರಿ! ಶಾವಂತ್ರೆವ್ವ ಹೆದರ್ಯಾಳ!” ಜೇಬಿನಿಂದ ಫೋನ್ ತೆಗೆದಿದ್ದ. “ಊಹೂಂ ಅಂತ ಹೇಳ್ತೀನ್ರಿ. ಕಾಮಿಡಿ ಬ್ಯಾಡ, ಹನ್ನೊಂದೂ ಕಡೆ ಜಾಗಾ ಮುಚ್ಚತೀನಿ, ಹೆಸರ ನಂದ ಇರ್ಲಿ ಅಂತ ಈಗ ಹೇಳ್ತೀನಿ!”

ಮಾಸ್ತರ ಕೈ ಚಾಚಿ ಫೋನನ್ನು ತಡವಿ ಹುಡುಕಿ, ಅವನ ಕೈಯಿಂದ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

“ಮೊದಲ ಮುದುಕಿನ್ನ ಕರಕೊಂಡು ಹೋಗು, ಫಕೀರ್ಯಾ. ನಗಿಸಿದವ್ರನ್ನ ಅಲ್ಲೇ ಬಿಟ್ಟು ಬರಬಹುದು, ಹೆದರಿಸಿದವ್ರನ್ನ ಮನಿತನಕ ಮುಟ್ಟಿಸಿ ಬರಬೇಕು.”