ಗಟ್ಟಿ ಬೋಲ್ಟು ಮಾಡಿದವನು

“ಗುರುಗಳೇ, ನನ್ನಲ್ಲಿ ಯಾವ ಕೊರತೆ ಕಂಡು ಪ್ರಸಾದ ನಿಲಯದ ಉಸ್ತುವಾರಿಯನ್ನು ನನ್ನಿಂದ ತೆಗೆದಿರಿ?”

ಹೀಗೆ ಕೇಳಿದವನು ಶಿಷ್ಯ ಕೊಟ್ರಯ್ಯ. ಮಠದಲ್ಲಿ ಉಂಡು ಓದುವ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವನಿಗೆ ಸಿಕ್ಕಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಂದು ಬೆಳಿಗ್ಗೆ ಗುರುಗಳು ಎಲ್ಲರೆದುರಿಗೇ ಕೀಲಿಕೈ ಗೊಂಚಲನ್ನು ಅವನಿಂದ ತೆಗೆದುಕೊಂಡು ಇನ್ನೊಬ್ಬ ಶಿಷ್ಯನ ಕೈಗೆ ಕೊಟ್ಟುಬಿಟ್ಟಿದ್ದರು. ಆ ಇನ್ನೊಬ್ಬನೋ, ಪೂಜೆಯ ಹೊತ್ತಿನಲ್ಲೂ ಆಕಳಿಸುವವನು. ಕೊಟ್ರಯ್ಯನಿಗೆ ನೆತ್ತಿಯ ಮೇಲೆ ಹೊಡೆದಂತಾಗಿತ್ತು. ಮಧ್ಯಾಹ್ನದ ತನಕ ಹೇಗೋ ತಡೆದುಕೊಂಡ. ಆಮೇಲೆ ಆಗಲಿಲ್ಲ.

“ಮಠದ ನಿಯಮದಲ್ಲಿ ಎರಡು ಹೊತ್ತು ಊಟವಿದೆ. ನಾನು ಒಂದೇ ಹೊತ್ತು ಉಣ್ಣುತ್ತೇನೆ. ಚಾಪೆ ಹಾಸಿಕೊಳ್ಳಬಹುದು ಎಂದಿದೆ, ನಾನು ಬರಿ ನೆಲದ ಮೇಲೆ ಮಲಗುತ್ತೇನೆ. ನಿಯಮ ಕೇಳಿದ್ದಕ್ಕಿಂತ ಎಲ್ಲಾದರೂ ಒಂದು ಕೂದಲೆಳೆಯಷ್ಟು ಕಡಿಮೆ ಮಾಡಿದ್ದರೆ ಹೇಳಿ.”

“ಕಡಿಮೆ ಮಾಡಿಲ್ಲ,” ಎಂದರು ಗುರುಗಳು. ಕೂತುಕೊಳ್ಳಲು ಕೈಸನ್ನೆ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬೋಲ್ಟು ಮಾಡುವವನೊಬ್ಬನಿದ್ದ. ಸೈಕಲ್ಲಿಗೋ ಮಂಚಕ್ಕೋ ಹಾಕುವ ಬೋಲ್ಟಲ್ಲ. ಸೇತುವೆ, ದೊಡ್ಡ ಚಾವಣಿ, ನೀರಿನ ಟ್ಯಾಂಕು ಇಂಥವುಗಳ ಉಕ್ಕಿನ ತೊಲೆಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವ ಬೋಲ್ಟು. ಅಂಥದ್ದನ್ನು ಮನಸ್ಸಿಗೆ ಬಂದ ಹಾಗೆ ಮಾಡುವಂತಿಲ್ಲ. ಅದಕ್ಕೊಂದು ಮಾನದಂಡವಿದೆ. ಆ ಮಾನದಂಡ ಎರಡು ಗೆರೆ ಎಳೆದಿದೆ. ಬೋಲ್ಟಿನ ಗಡಸು ಕೆಳಗಿನ ಗೆರೆಗಿಂತ ಕಡಿಮೆ ಇರಕೂಡದು, ಮೇಲಿನ ಗೆರೆಯನ್ನು ದಾಟಲೂ ಕೂಡದು.

ಕೆಳಗಿನ ಗೆರೆ ಏಕಿದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೆತ್ತಗಿನ ಬೋಲ್ಟು ಭಾರಕ್ಕೆ ಜಗ್ಗುತ್ತದೆ. ಮೇಲಿನ ಗೆರೆಯನ್ನು ಕಂಡಾಗಲೆಲ್ಲ ಮಾತ್ರ ಅವನಿಗೆ ನಗು ಬರುತ್ತಿತ್ತು. ಗಟ್ಟಿಯಾಗಿರುವುದಕ್ಕೂ ಒಂದು ಮಿತಿಯೇ? ಕೈಲಾಗದವರು ಮನಸ್ಸಿಗೆ ಹಚ್ಚಿಕೊಳ್ಳದಿರಲಿ ಎಂದು ಯಾರೋ ಪುಣ್ಯಾತ್ಮರು ಬರೆದಿಟ್ಟಿರಬೇಕು ಎಂದುಕೊಂಡಿದ್ದ.

ಉಕ್ಕಿನ ಬೋಲ್ಟಿಗೆ ಕಸುವು ಬರುವುದು ಎರಡು ಬಿಸಿಯಲ್ಲಿ. ಮೊದಲು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಬಹಳ ಗಟ್ಟಿಯಾಗುತ್ತದೆ, ಅಷ್ಟೇ ಪೆಡಸೂ ಆಗುತ್ತದೆ, ಬಗ್ಗದೆ ಮುರಿಯುತ್ತದೆ. ಆಮೇಲೆ ಅದನ್ನೇ ಇನ್ನೊಮ್ಮೆ ಹದವಾದ ಬಿಸಿಯಲ್ಲಿ ಸಾವಕಾಶವಾಗಿ ಇಡುತ್ತಾರೆ. ಈ ಎರಡನೆಯ ಬಿಸಿಯಲ್ಲಿ ಗಡಸು ಒಂದಿಷ್ಟು ಇಳಿಯುತ್ತದೆ. ಅಷ್ಟು ಇಳಿದರೇ ಅದಕ್ಕೆ ತಾಳಿಕೆ. ಬೋಲ್ಟು ಮಾಡುವವನಿಗೆ ಆ ಇಳಿಯುವುದನ್ನು ಸಹಿಸಲಾಗಲಿಲ್ಲ. ಬೆಂಕಿಯಲ್ಲಿ ಬೆಂದು ಗಳಿಸಿದ್ದನ್ನು ಕೈಯಾರೆ ಕಳೆಯುವುದೇ ಎನ್ನಿಸಿತು. ಎರಡನೆಯ ಬಿಸಿಯನ್ನು ತಗ್ಗಿಸಿದ. ಬೋಲ್ಟುಗಳನ್ನು ಬೇಗನೆ ಹೊರಗೆ ತೆಗೆದ.

ಅವನು ಮೋಸಗಾರನಲ್ಲ, ಇದನ್ನು ನೆನಪಿಡು. ಉಕ್ಕನ್ನು ಆರಿಸಿ ಆರಿಸಿ ತರುತ್ತಿದ್ದ. ತನ್ನ ಕೆಲಸದಲ್ಲಿ ಸೋಮಾರಿತನ ಎನ್ನುವುದನ್ನು ಕಂಡವನಲ್ಲ. ಪಕ್ಕದ ಕಾರ್ಖಾನೆಯವರು ಎರಡೂ ಗೆರೆಗಳ ನಡುವೆ ಬೋಲ್ಟು ಮಾಡಿ ಸಂಜೆ ನೆಮ್ಮದಿಯಾಗಿ ಮನೆಗೆ ಹೋಗುವುದನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಎನ್ನಿಸುತ್ತಿತ್ತು.

ಆ ಊರಿನ ದವಸದ ಮಾರುಕಟ್ಟೆಗೆ ದೊಡ್ಡದೊಂದು ಚಾವಣಿ ಹಾಕುವುದೆಂದಾಯಿತು. ಬೋಲ್ಟಿನ ಕೆಲಸ ಇವನಿಗೆ ಬಂತು. ಪರೀಕ್ಷೆ ಮಾಡಲು ಒಬ್ಬ ಇಂಜಿನಿಯರ್ ಬಂದ. ಗಡಸು ಅಳೆಯುವ ಯಂತ್ರದ ಕೆಳಗಿಟ್ಟು ನೋಡಿ ತಲೆಯಲ್ಲಾಡಿಸಿದ.

“ಇದು ಮೇಲಿನ ಗೆರೆ ದಾಟಿಬಿಟ್ಟಿದೆ. ವಾಪಸ್ ತಗೊಂಡು ಹೋಗಿ, ಸರಿಯಾಗಿ ಹದ ಮಾಡ್ಕೊಂಡು ಬನ್ನಿ.”

“ಸಾಹೇಬ್ರೇ, ಹೆಚ್ಚಿಗೆ ತೂಗಿದ ಅಂಗಡಿಯವನನ್ನ ಪೋಲೀಸರಿಗೆ ಹಿಡಿದುಕೊಟ್ಟಿದ್ದು ಎಲ್ಲಾದ್ರೂ ಕೇಳೀರಾ?”

ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಇಂಜಿನಿಯರನಿಗೂ ನಗು ತಡೆಯಲಾಗಲಿಲ್ಲ. ಒಮ್ಮೆ ನಕ್ಕ ಮೇಲೆ ಬೇಡವೆನ್ನುವುದು ಕಷ್ಟ. ಬೋಲ್ಟುಗಳು ಪಾಸಾದವು.

ತುಕ್ಕು ಹಿಡಿಯದಿರಲೆಂದು ಅವುಗಳನ್ನು ಆ್ಯಸಿಡ್ಡಿನಲ್ಲಿ ತೊಳೆದು ಸತುವಿನ ಲೇಪ ಕೊಟ್ಟರು. ಕ್ರೇನಿನಲ್ಲಿ ತೊಲೆಗಳನ್ನು ಎತ್ತಿ ಕೂರಿಸಿದರು. ಬೋಲ್ಟುಗಳನ್ನು ಹಾಕಿ, ಇನ್ನು ತಿರುಗದು ಎನ್ನುವಷ್ಟು ನಟ್ಟುಗಳನ್ನು ಬಿಗಿದರು. ಒಂದೂ ಅಲುಗಲಿಲ್ಲ. ಬೋಲ್ಟು ಮಾಡಿದವನು ಕೆಳಗೆ ನಿಂತು ಕತ್ತು ನೋಯುವ ತನಕ ಮೇಲೆ ನೋಡಿದ. ಅವನಿಗೆ ಹೊಟ್ಟೆ ತುಂಬಿದಂತಾಯಿತು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಅವನು ಜೋಳ ಕೊಳ್ಳಲು ಆ ಮಾರುಕಟ್ಟೆಗೆ ಹೋದ. ಹಮಾಲರು ಉಂಡು ಮೂಟೆಗಳಿಗೆ ಒರಗಿ ಕೂತಿದ್ದರು. ಒಬ್ಬ ಹೆಂಗಸು ನೆಲದ ಮೇಲೆ ಚೆಲ್ಲಿದ ಕಾಳನ್ನು ಗುಡಿಸಿ ಮೊರದಲ್ಲಿ ಕೇರುತ್ತಿದ್ದಳು. ಗಾಳಿ ಇರಲಿಲ್ಲ. ಚಾವಣಿಯ ಮೇಲೆ ಯಾರೂ ಇರಲಿಲ್ಲ.

ಟಣ್ ಎಂದು ಏನೋ ಕಲ್ಲುಹಾಸಿನ ಮೇಲೆ ಬಿತ್ತು.

“ಯಾವನಲೇ ಅವನು ಕಲ್ಲೊಗೆಯೋನು?” ಎಂದು ಒಬ್ಬ ಹಮಾಲ ಬೈದ. ಬೋಲ್ಟು ಮಾಡಿದವನು ಬಗ್ಗಿ ಎತ್ತಿಕೊಂಡ. ಅದು ಒಂದು ಬೋಲ್ಟಿನ ತಲೆ. ಅದರ ಮೇಲೆ ಅವನದೇ ಗುರುತು ಇತ್ತು.

ಅವನು ಅದನ್ನು ತಿರುಗಿಸಿ ಮುರಿದ ಜಾಗ ನೋಡಿದ. ಒಳ್ಳೆಯ ಬೋಲ್ಟು ಮುರಿಯುವ ಮೊದಲು ಹಿಗ್ಗುತ್ತದೆ, ಕತ್ತು ಸಣ್ಣಗಾಗುತ್ತದೆ, ನೋಡುವವರಿಗೆ ಮುನ್ಸೂಚನೆ ಕೊಡುತ್ತದೆ. ಇದು ಹಿಗ್ಗಿರಲಿಲ್ಲ. ಸೀಮೆಸುಣ್ಣದ ಕಡ್ಡಿಯ ಹಾಗೆ ಲಟಕ್ಕನೆ ಮುರಿದಿತ್ತು. ಯಾರು ಹೊಡೆದರು? ಯಾರು ಭಾರ ಹೇರಿದರು? ತಲೆ ಎತ್ತಿ ನೋಡಿದ. ಹೊಡೆದವರು ಯಾರೂ ಇಲ್ಲ. ಅವನು ನೋಡುತ್ತಿದ್ದಂತೆಯೇ ಇನ್ನೊಂದು ತಲೆ ಉದುರಿತು. ಆಮೇಲೆ ಎರಡು ಒಟ್ಟಿಗೆ ಉದುರಿದವು. ಮೇಲೆ ತೊಲೆ ನರಳಿತು.

ಯಾರೂ ಹೊಡೆದಿರಲಿಲ್ಲ. ಆ್ಯಸಿಡ್ಡಿನಲ್ಲಿ ತೊಳೆಯುವಾಗ ಉಕ್ಕು ಒಂದಿಷ್ಟು ಜಲಜನಕವನ್ನು ವಿಷದ ಹಾಗೆ ಕುಡಿಯುತ್ತದೆ. ಹದವಾದ ಉಕ್ಕು ಅದನ್ನು ತಾಳಿಕೊಳ್ಳುತ್ತದೆ. ಮಿತಿಮೀರಿ ಗಟ್ಟಿಯಾದದ್ದು ತಾಳಿಕೊಳ್ಳುವುದಿಲ್ಲ. ಬಿಗಿದ ದಿನದಿಂದಲೇ ಅದು ಒಳಗೊಳಗೆ ಬಿರಿಯುತ್ತ ಹೋಗುತ್ತದೆ, ಹೊರಗೆ ಥಳಥಳ ಹೊಳೆಯುತ್ತಲೇ ಇರುತ್ತದೆ. ಮೇಲಿನ ಗೆರೆ ಎಳೆದವರಿಗೆ ಇದು ಗೊತ್ತಿತ್ತು. ಅವನಿಗೂ ಯಾರೋ ಒಮ್ಮೆ ಹೇಳಿದ್ದರು. ದುರ್ಬಲರ ಮಾತು ಎಂದು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

“ಓಡ್ರೋ! ಎಲ್ಲಾ ಹೊರಗೆ ಓಡ್ರಿ!” ಎಂದು ಅವನು ಗಂಟಲು ಹರಿಯುವಂತೆ ಕೂಗಿದ.

ಹಮಾಲರು ಎದ್ದುಬಿದ್ದು ಓಡಿದರು. ಕಾಳು ಕೇರುತ್ತಿದ್ದ ಹೆಂಗಸೂ ಓಡಿ ಅವನ ಪಕ್ಕಕ್ಕೆ ಬಂದು ನಿಂತಳು. ಬರಿಗೈ ನೋಡಿಕೊಂಡಳು.

“ಅಣ್ಣಾ, ನನ್ನ ಮೊರ ಒಳಗೇ ಐತೆ. ತಗಂಡು ಬಂದುಬಿಡ್ತೀನಿ.”

ಕೈ ಚಾಚಿದ್ದರೆ ಅವಳ ಸೆರಗು ಸಿಗುತ್ತಿತ್ತು. ಆದರೆ ಅವನು ಅಂಗೈಯಲ್ಲಿದ್ದ ಬೋಲ್ಟಿನ ತಲೆಯನ್ನೇ ನೋಡುತ್ತಿದ್ದ. ನನ್ನ ಬೋಲ್ಟು, ಇಷ್ಟು ಗಟ್ಟಿಯಾದ ನನ್ನ ಬೋಲ್ಟು ಹೇಗೆ ಮುರಿಯಿತು ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಅವನು ಕಣ್ಣೆತ್ತುವ ಹೊತ್ತಿಗೆ ಅವಳು ಒಳಗೆ ಹೋಗಿಯಾಗಿತ್ತು. ಚಾವಣಿ ಕುಸಿಯಿತು.

ಧೂಳು ಊರನ್ನೇ ಮುಚ್ಚಿತು. ಜನ ದಿಕ್ಕುದಿಕ್ಕಿನಿಂದ ಓಡಿ ಬಂದರು. ಅವನು ಮಾತ್ರ ನಿಂತ ಜಾಗದಲ್ಲೇ ನಿಂತು, ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ ಹೇಳುತ್ತಿದ್ದ: “ನಾನು ಕಡಿಮೆ ಕೊಟ್ಟಿಲ್ಲ. ಹೆಚ್ಚೇ ಕೊಟ್ಟಿದ್ದೇನೆ. ಬೇಕಾದರೆ ನೋಡಿ, ಹೆಚ್ಚೇ ಕೊಟ್ಟಿದ್ದೇನೆ.”

ಗುರುಗಳು ಅಲ್ಲಿಗೆ ನಿಲ್ಲಿಸಿ, ಪಕ್ಕದಲ್ಲಿದ್ದ ಚೊಂಬನ್ನೆತ್ತಿ ನೀರು ಕುಡಿದರು.

ಆ ಮುರಿದ ತಲೆ ತನ್ನ ಅಂಗೈಯಲ್ಲೇ ಇದ್ದಂತೆ ಕೊಟ್ರಯ್ಯ ಮುಷ್ಟಿ ಬಿಗಿದಿದ್ದ. ಅಷ್ಟು ಶ್ರದ್ಧೆಯಿಂದ ದುಡಿದವನಿಗೆ ಇಂಥ ದಿನ ಬಂತಲ್ಲ ಎಂದು ಅವನ ಕಣ್ಣು ತುಂಬಿ ಬಂತು. ಕತೆ ಮುಂದುವರಿಯಲೆಂದು ಕಾದ. ಗುರುಗಳು ಚೊಂಬನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತ ಕೂತರು. ಅವರೂ ಏನನ್ನೋ ಕಾಯುತ್ತಿದ್ದ ಹಾಗಿತ್ತು. ಕೊನೆಗೆ ಕೊಟ್ರಯ್ಯನೇ ಬಾಯಿ ಬಿಟ್ಟ.

“ಗುರುಗಳೇ, ಆ ಬೋಲ್ಟು ಮಾಡಿದವನ ಗತಿ ಮುಂದೆ ಏನಾಯಿತು?”

“ಒಳಗೆ ಹೋದವಳ ಗತಿ ಏನಾಯಿತೆಂದು ನೀನು ಕೇಳಲಿಲ್ಲ, ಕೊಟ್ರಯ್ಯ.”