ಕಿಟಕಿಯ ಪಕ್ಕದ ಜಾಗ

ಗದಗಿನ ಹಳೆಯ ಎಣ್ಣೆ ಗಿರಣಿಯೊಂದರಲ್ಲಿ ಕಲಾವಿದರೂ ಕುಶಲಕರ್ಮಿಗಳೂ ಕೂಡಿ ಕೆಲಸ ಮಾಡುತ್ತಿದ್ದರು. ಇದ್ದದ್ದು ಒಂದೇ ಕಿಟಕಿ. ಅದರ ಬೆಳಕಿನಲ್ಲಿ ಕುಂಬಾರರ ಗುರುಬಸವ್ವ ಕಣ್ಣು ಕಿರಿದು ಮಾಡಿಕೊಂಡು ಮಡಕೆಗೆ ಗೆರೆ ಕೊರೆಯುತ್ತಿದ್ದಳು.

ಒಂದು ದಿನ, ಎದುರಿನ ಮೂಲೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದ ದೇಸಾಯರು ಎದ್ದು ಬಂದು ನಿಂತರು. "ಗುರುಬಸವ್ವಾ, ಏಳು. ದೊಡ್ಡ ಕಲೆಗೆ ಬೆಳಕು ಬೇಕು. ಮಡಕಿ ಕತ್ತಲದಾಗೂ ಆಗ್ತಾವ."

"ಆತ್ರೀ ಸಾಹೇಬ್ರ" ಎಂದು ಅವಳು ಎದ್ದಳು. "ಒಳಗ ನಿಮಗ ಅಡ್ಡ ಆಗೂದು ಬ್ಯಾಡ್ರಿ" ಎಂದು ಸುಟ್ಟ ಮಡಕೆಗಳನ್ನೆಲ್ಲ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು.

ಅಂದಿನಿಂದ ಸಂತೆಗೆ ಹೋಗುವವರೆಲ್ಲ ಕಿಟಕಿಯಲ್ಲಿ ತಲೆ ಹಾಕಿ, ಅಲ್ಲಿ ಕೂತ ದೇಸಾಯರನ್ನು ಕೇಳತೊಡಗಿದರು.

"ಅಣ್ಣಾರ, ಇದರಾಗ ಮೊಸರು ಗಟ್ಟಿ ಆಗ್ತೈತೇನ್ರಿ?"

"ಮುಚ್ಚಳ ಬ್ಯಾರೆ ಸಿಗ್ತೈತೇನ್ರಿ?"

ಕೊನೆಗೆ ಒಬ್ಬಾಕೆ "ಏ ಕುಂಬಾರಣ್ಣಾ" ಎಂದು ಕೂಗಿದಳು. ದೇಸಾಯರು ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಗಿರಣಿಯನ್ನೇ ಬಿಟ್ಟು ನಡೆದರು.

ಎಲ್ಲರೂ ನಕ್ಕರು. ಗುರುಬಸವ್ವನೂ ನಗುತ್ತ ತನ್ನ ಜಾಗಕ್ಕೆ ಮರಳಿದಳು. ಹೊಸ ಮಡಕೆಗೆ ಗೆರೆ ಕೊರೆದು, ರೂಢಿಯಂತೆ ದೇಸಾಯರ ಮೂಲೆಯತ್ತ ಎತ್ತಿ ಹಿಡಿದಳು. "ಗೆರಿ ಸೊಟ್ಟ ಆಗೇದ ನೋಡು" ಎಂದು ಬೈಯುತ್ತಿದ್ದವರು ಅವರೊಬ್ಬರೇ.

ಉಳಿದವರು "ಭಾಳ ಚೆಂದ ಐತಿ" ಎಂದರು, ತಲೆ ಎತ್ತದೆಯೇ.